ಬಸರಾಳು

ಬಸರಾಳು ಮಂಡ್ಯ ಜಿಲ್ಲೆಯ ಮಂಡ್ಯ ತಾಲ್ಲೂಕಿನ ಒಂದು ಗ್ರಾಮ ಹಾಗೂ ಹೋಬಳಿ ಕೇಂದ್ರ. ಹೊಯ್ಸಳ ಶೈಲಿಯ ಮಲ್ಲಿಕಾರ್ಜುನ ದೇವಾಲಯದಿಂದ ಈ ಊರು ಪ್ರಸಿದ್ಧವಾಗಿದೆ.

ಇತಿಹಾಸ

ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. 1234ರ ಸುಮಾರಿಗೆ ಹರಿಹರ ದಂಡನಾಯಕನು ಈ ದೇವಾಲಯವನ್ನು ಕಟ್ಟಿಸಿದನು. ರಾಜಧಾನಿ ದ್ವಾರಸಮುದ್ರದಿಂದ ದೂರದ ಊರುಗಳಲ್ಲಿಯೂ ದಂಡನಾಯಕರು ಶಿಲ್ಪಸಮೃದ್ಧ ದೇವಾಲಯಗಳನ್ನು ಕಟ್ಟಿಸುತ್ತಿದ್ದುದಕ್ಕೆ ಇದು ನಿದರ್ಶನವಾಗಿದೆ.

ವಾಸ್ತುಶಿಲ್ಪ

ದೇವಾಲಯವು ತ್ರಿಕೂಟ ರಚನೆಯದು. ಮೂರು ಗರ್ಭಗುಡಿಗಳಲ್ಲಿ ನಡುವಿನದಕ್ಕೆ ಮಾತ್ರ ಶಿಖರವಿದೆ. ಇಕ್ಕೆಲದವು ಹೊರಗಿನಿಂದ ನೋಡುವಾಗ ಮಂಟಪದ ಮುಂದುವರಿಕೆಯಂತೆ ಕಾಣುತ್ತವೆ. ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳನ್ನು ಕೆತ್ತಲಾಗಿದೆ. ಅಂಧಕಾಸುರನ ತಲೆಯ ಮೇಲೆ ನರ್ತಿಸುವ 16 ಕೈಗಳ ಶಿವ, 22 ಕೈಗಳ ದುರ್ಗೆ, ಕೈಲಾಸವನ್ನೆತ್ತುವ ರಾವಣ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನ, ಹಾರ ಹಿಡಿದು ಧಾವಿಸುವ ದ್ರೌಪದಿ ಇಲ್ಲಿನ ಗಮನಾರ್ಹ ಶಿಲ್ಪಗಳು. ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ.