ಕರಗಿದ ಡಾಲರ್, ನಮ್ಮ ರೂಪಾಯಿ

ಅಮೆರಿಕದಲ್ಲಿ ಹಳೆಯ ನಾಣ್ಯ ಕೂಡಿಡುವವರಿಗೆ ಮಾರ್ಗನ್ ಡಾಲರ್ ಎಂದರೆ ಪಂಚಪ್ರಾಣ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚಾದ ಬೆಳ್ಳಿ ನಾಣ್ಯ ಇದು. ಚಿತ್ರ ರೂಪಿಸಿದ ಜಾರ್ಜ್ ಮಾರ್ಗನ್ ಅವರ ಹೆಸರೇ ಇದಕ್ಕೆ ಬಂದಿದೆ. ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. ಈ ನಾಣ್ಯದ ಕಥೆಯಲ್ಲಿ ನಮ್ಮ ರೂಪಾಯಿಗೂ ಒಂದು ಪಾತ್ರವಿದೆ.

1878ರ ಕಾನೂನಿನಂತೆ ಅಮೆರಿಕ ಸರ್ಕಾರ ಪ್ರತಿ ತಿಂಗಳೂ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ನಾಣ್ಯ ಹೊಡೆಸಬೇಕಿತ್ತು. ಭಾರದ ನಾಣ್ಯ ಜೇಬಿನಲ್ಲಿ ಹೊರುವುದು ಜನರಿಗೆ ಬೇಡವಾಗಿತ್ತು. ಚೀಲಗಟ್ಟಲೆ ಡಾಲರ್ ಖಜಾನೆಯಲ್ಲೇ ಉಳಿದವು.

ಆಮೇಲೆ ಮೊದಲ ಮಹಾಯುದ್ಧ ಬಂತು. ಯುದ್ಧದ ಖರ್ಚಿಗೆ ಭಾರತದಲ್ಲಿ ಬ್ರಿಟಿಷರಿಗೆ ಬೆಳ್ಳಿ ರೂಪಾಯಿ ಸಾಲದಾಯಿತು. 1917ರಲ್ಲಿ ಒಂದು ರೂಪಾಯಿ ನೋಟು ತಂದರು. ಕಾಗದವನ್ನು ನಂಬದ ಜನ ನೋಟು ಕೊಟ್ಟು ಬೆಳ್ಳಿ ಕೇಳಿದರು. 1918ರ ಹೊತ್ತಿಗೆ ಇಲ್ಲಿನ ಖಜಾನೆಯಲ್ಲಿ ಬೆಳ್ಳಿ ತಳ ಕಂಡಿತು.

ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಏಪ್ರಿಲ್‌ನಲ್ಲಿ ಅಲ್ಲಿ ಪಿಟ್‌ಮನ್ ಕಾಯ್ದೆ ಬಂತು. ಅದರಡಿ 27 ಕೋಟಿಗೂ ಹೆಚ್ಚು ಡಾಲರ್ ನಾಣ್ಯ ಕರಗಿಸಿದರು. ಸುಮಾರು 26 ಕೋಟಿ ನಾಣ್ಯಗಳ ಬೆಳ್ಳಿ ಭಾರತಕ್ಕೆಂದೇ ಬ್ರಿಟನ್‌ಗೆ ಮಾರಾಟವಾಯಿತು. ಆ ಬೆಳ್ಳಿ ಇಲ್ಲಿಗೆ ಬಂದು ಜಾರ್ಜ್ ದೊರೆಯ ಮುಖದ ರೂಪಾಯಿಯಾಯಿತು. ಒಂದು ಡಾಲರಿನ ಬೆಳ್ಳಿಯಲ್ಲಿ ಎರಡು ರೂಪಾಯಿ ಮಾಡಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು.

ಕರಗಿಸುವಾಗ ಯಾವ ವರ್ಷದ ನಾಣ್ಯ ಎಷ್ಟು ಹೋಯಿತೆಂದು ಲೆಕ್ಕ ಇಡಲಿಲ್ಲ. ಹಾಗಾಗಿ ಎಷ್ಟು ಅಚ್ಚಾಯಿತು ಎನ್ನುವುದಷ್ಟೇ ನೋಡಿದರೆ ಸಾಲದು, ಎಷ್ಟು ಉಳಿದಿದೆ ಎನ್ನುವುದೇ ಬೆಲೆ ಕಟ್ಟುತ್ತದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ 1903ರಲ್ಲಿ 44 ಲಕ್ಷಕ್ಕೂ ಹೆಚ್ಚು ಡಾಲರ್ ಅಚ್ಚಾಗಿದ್ದವು. ಆದರೂ ಅವು ಕೈಗೆ ಸಿಗದೆ ಭಾರಿ ಬೆಲೆಗೆ ಹೋಗುತ್ತಿದ್ದವು. 1962ರಲ್ಲಿ ಖಜಾನೆಯ ಚೀಲಗಳಿಂದ ಅವೇ ನಾಣ್ಯ ರಾಶಿರಾಶಿ ಹೊರಬಂದವು. ಬೆಲೆ ನೆಲಕಚ್ಚಿತು.

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೂ 1918ರ ರೂಪಾಯಿ ಇರಬಹುದು. ಅದು ಅಮೆರಿಕದ ಬೆಳ್ಳಿಯೋ ಅಲ್ಲವೋ, ನಾಣ್ಯ ನೋಡಿ ಹೇಳಲಾಗದು. ಆ ವರ್ಷದ್ದು ಕೋಟಿಗಟ್ಟಲೆ ಅಚ್ಚಾಗಿದ್ದರಿಂದ ಅಪರೂಪದ್ದೂ ಅಲ್ಲ. ‘ಹಳೇ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ, ಮೊದಲು ಶುಲ್ಕ ಕಟ್ಟಿ’ ಎಂದು ಮೊಬೈಲಿಗೆ ಸಂದೇಶ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಹಾಗೆಂದು ಅಕ್ಕಸಾಲಿಗರ ಮೂಸೆಗೂ ಹಾಕಿಬಿಡಬೇಡಿ. ಮೊದಲು ಇಸವಿ ನೋಡಿ, ತಿಳಿದವರನ್ನು ಕೇಳಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಬೆಲೆ ಕೊಡುತ್ತಾರೆ. ಕರಗಿದ್ದಂತೂ ಮತ್ತೆ ನಾಣ್ಯವಾಗಿ ಬರುವುದಿಲ್ಲ.