ಹಳಿಯಾಳದ ಒಂದು ಛಾಯಾಚಿತ್ರ

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಒಂದು ಛಾಯಾಚಿತ್ರವನ್ನು ಕುರಿತು. ಚಿತ್ರವನ್ನು ಕಿವಿಗೆ ತೋರಿಸುವ ಉಪಾಯವಿಲ್ಲದ್ದರಿಂದ ಅದನ್ನು ಮಾತಿನಲ್ಲಿಯೇ ಬಿಡಿಸಿಡಬೇಕಾಗಿದೆ. ಕೇಳುವವರು ಸ್ವಲ್ಪ ತಾಳ್ಮೆಯಿಂದ ಅನುಸರಿಸಬೇಕೆಂದು ಪ್ರಾರ್ಥನೆ.

ಹಳಿಯಾಳದ ಒಂದು ಮರಾಠ ಮನೆತನದ ಪಡಸಾಲೆಯಲ್ಲಿ ಆ ಚಿತ್ರ ತೂಗುತ್ತಿದೆ. ಮುಂಡಾಸು ಸುತ್ತಿದ ಏಳು ಮಂದಿ ಸಿಪಾಯಿಗಳು ಮರಳ ಮೇಲೆ ಸಾಲಾಗಿ ನಿಂತಿದ್ದಾರೆ. ಎಡದಿಂದ ಮೂರನೆಯವನು ಆ ಮನೆಯ ಮುತ್ತಜ್ಜನೆಂದು ಹೇಳಿಕೆ. ಅವರ ಬೆನ್ನಿಗೆ ಒಂದು ವಿಮಾನದ ಹಿಂಭಾಗ ಮಾತ್ರ ಕಾಣುತ್ತದೆ. ಮುಂಭಾಗ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಿದೆ. ಕೆಳಗೆ ಶಾಯಿಯಲ್ಲಿ ‘ಬಸ್ರಾ, 1914’ ಎಂದು ಬರೆದಿದೆ. ಮುತ್ತಜ್ಜನು ಶೈಬಾ ಎಂಬಲ್ಲಿ ನಡೆದ ಯುದ್ಧದಲ್ಲಿ ಮಡಿದನೆಂದು ಮನೆಯವರ ನಂಬುಗೆ. ಆ ಯುದ್ಧ ನಡೆದುದು 1915ನೆಯ ಏಪ್ರಿಲ್ 12ರಿಂದ 14ರ ವರೆಗೆ. ಕಡೆಯ ದಿನ ಚೈತ್ರದ ಅಮಾವಾಸ್ಯೆಯಾಗಿದ್ದಿತು. ಅಂದಿನಿಂದ ಇಂದಿನ ವರೆಗೂ ಆ ತಿಥಿಯಂದು ಅವನಿಗೆ ಎಡೆಯಿಡುತ್ತ ಬಂದಿದ್ದಾರೆ. ಸರ್ಕಾರದ ಕಾಗದವೊಂದೂ ಮನೆಯಲ್ಲಿ ಉಳಿದಿಲ್ಲ. ಚಿತ್ರ ಯಾವ ವರ್ಷದ್ದೆಂದು ತಿಳಿಯಬೇಕಾದರೆ ಆ ಅರ್ಧ ವಿಮಾನವನ್ನೇ ಕೇಳಬೇಕು.

ವಿಮಾನಕ್ಕೆ ಎರಡಂತಸ್ತಿನ ಜೋಡಿರೆಕ್ಕೆ. ಮೈಯೆಂಬುದಿಲ್ಲ, ಬರಿಯ ಕೋಲುಗಳ ಚೌಕಟ್ಟು. ಹಾಗಿದ್ದಲ್ಲಿ ಅದು ಫ್ರಾನ್ಸಿನ ಮಾದರಿಯೇ ಆಗಿರಬೇಕೆಂದು ಮೊದಲ ನೋಟಕ್ಕೆ ಹೊಳೆಯುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ದಖ್ಖನಿನಲ್ಲಿ ಸೈನ್ಯಕ್ಕಾಗಿ ಮೊದಮೊದಲು ಹಾರಿದ ವಿಮಾನವನ್ನೇ ನೋಡಿರಿ. 1911ನೆಯ ಜನವರಿಯಲ್ಲಿ ನಿಜಾಮರ ರಾಜ್ಯದ ಔರಂಗಾಬಾದಿನ ಬಳಿ ಅಶ್ವದಳದ ಕವಾಯತು ನಡೆದಾಗ ಜುಲ್ಲರೋ ಎಂಬ ಫ್ರೆಂಚ್ ವೈಮಾನಿಕನು ಕ್ಯಾಪ್ಟನ್ ಬ್ರಾಂಕರನನ್ನು ಕೂರಿಸಿಕೊಂಡು ಎದುರು ಪಕ್ಷದ ಚಲನವಲನಗಳನ್ನು ಮೇಲಿನಿಂದ ನೋಡಿ ಬಂದನು. ನಡೆಸಿದವನು ಫ್ರೆಂಚನು, ಆಕಾರ ಆನ್ರಿ ಫಾರ್ಮನನದು. ವಿಮಾನ ಮಾತ್ರ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಕಟ್ಟಿದ ‘ಬಾಕ್ಸ್ ಕೈಟ್’. ರೂಪವನ್ನು ಕಂಡು ಊರನ್ನು ಹೇಳುವುದು ಅಪಾಯ.

ಫಾರ್ಮನ್ ಎಂಬ ಹೆಸರಿನಿಂದಲೇ ಅರ್ಧ ಗೊಂದಲ ಹುಟ್ಟಿದೆ. ಆನ್ರಿ ಮತ್ತು ಮಾರಿಸ್ ಅಣ್ಣತಮ್ಮಂದಿರು; ಇಂಗ್ಲಿಷ್ ತಂದೆತಾಯಿಗಳಿಗೆ ಫ್ರಾನ್ಸಿನಲ್ಲಿ ಹುಟ್ಟಿದವರು. ಮೊದಲು ಬೇರೆ ಬೇರೆಯಾಗಿ ವಿಮಾನ ಕಟ್ಟುತ್ತಿದ್ದರು. ಆಮೇಲೆ ಒಂದೇ ಕಾರಖಾನೆಯಲ್ಲಿ ಸೇರಿದರೂ ಮಾದರಿಗಳಿಗೆ ತಂತಮ್ಮ ಹೆಸರನ್ನೇ ಇಡುತ್ತ ಹೋದರು. ಸೈನಿಕರ ದಿನಚರಿಗಳಲ್ಲಿ ‘ಒಂದು ಫಾರ್ಮನ್ ಬಂದಿತು’ ಎಂದಷ್ಟೇ ಇದ್ದರೆ ಯಾರ ಫಾರ್ಮನ್ನೆಂದು ತಿಳಿಯುವುದು ಹೇಗೆ? ಮಾರಿಸನ ಏಳನೆಯ ಮಾದರಿಗೂ ಹನ್ನೊಂದನೆಯದಕ್ಕೂ ಇಂಗ್ಲಿಷ್ ಸಿಪಾಯಿಗಳು ದನಗಳ ಹೆಸರಿಟ್ಟಿದ್ದರು: ಒಂದು ‘ಲಾಂಗ್‌ಹಾರ್ನ್’, ಅಂದರೆ ಉದ್ದಕೊಂಬಿನದು, ಇನ್ನೊಂದು ‘ಶಾರ್ಟ್‌ಹಾರ್ನ್’, ಮೋಟುಕೊಂಬಿನದು. ಉದ್ದಕೊಂಬಿನದಕ್ಕೆ ಗಾಲಿಗಳ ಕೆಳಗಿನ ಜಾರುಪಟ್ಟಿಗಳು ಮುಂದಕ್ಕೆ ಚಾಚಿ ಮೇಲಕ್ಕೆ ಬಾಗಿರುತ್ತವೆ. ಅವುಗಳ ತುದಿಯಲ್ಲಿ ವಿಮಾನವನ್ನು ಏರಿಸಿ ಇಳಿಸುವ ಒಂದು ಹಲಗೆ. ಮೋಟುಕೊಂಬಿನದಕ್ಕೆ ಆ ಹಲಗೆಯಿಲ್ಲ. ವೈಮಾನಿಕರು ಕೂಡುವ ತೊಟ್ಟಿಲು ಅದರಲ್ಲಿ ಎರಡು ರೆಕ್ಕೆಗಳ ನಡುವೆ ಅಂತರದಲ್ಲಿ ನಿಂತಿರುತ್ತದೆ. ಉದ್ದಕೊಂಬಿನದರಲ್ಲಿ ಕೆಳರೆಕ್ಕೆಯ ಮೇಲೆ ಕುಳಿತಿರುತ್ತದೆ. ಎತ್ತಿನ ಸಂತೆಗೆ ಹೋಗಿ ಬಂದವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಚಿತ್ರದಲ್ಲಿ ಕೊಂಬೂ ಇಲ್ಲ, ತೊಟ್ಟಿಲೂ ಇಲ್ಲ!

ಇನ್ನು ಬಾಲವನ್ನು ನೋಡೋಣ. ಬಾಲದ ಮೇಲೆ ನಿಂತ ಚುಕ್ಕಾಣಿಗಳು ಎರಡು. ಆನ್ರಿ ಫಾರ್ಮನನ ಇಪ್ಪತ್ತನೆಯ ಮಾದರಿಗೆ ಒಂದೇ ಚುಕ್ಕಾಣಿ, ಅದು ಬಿದ್ದುಹೋಯಿತು. ಮಾರಿಸನ ಎರಡು ಮಾದರಿಗಳಿಗೂ ಎರಡೆರಡು. ಉದ್ದಕೊಂಬಿನದರ ಬಾಲದಲ್ಲಿ ಅಡ್ಡಹಲಗೆಗಳು ಒಂದರ ಮೇಲೊಂದು ಎರಡಿರುತ್ತವೆ, ಮೋಟುಕೊಂಬಿನದರಲ್ಲಿ ಒಂದೇ. ನಮ್ಮ ಚಿತ್ರದಲ್ಲಿ ಒಂದೇ ಇದೆ. ಇಷ್ಟಕ್ಕೆ ನಿಲ್ಲಿಸಿ ‘ಮೋಟುಕೊಂಬಿನ ಮಾರಿಸ್ ಫಾರ್ಮನ್’ ಎಂದು ಬರೆದುಬಿಡುವವರು ಬಹಳ. ನಾನೂ ಮೊದಲ ದಿನ ಹಾಗೆಯೇ ಬರೆದುಕೊಂಡು ಮನೆಗೆ ಬಂದೆನು.

ಮರುವಾರ ಮತ್ತೆ ಹೋಗಿ ಭೂತಗನ್ನಡಿ ಹಿಡಿದು ನೋಡಿದಾಗ ತಪ್ಪು ತಿಳಿಯಿತು. ಫಾರ್ಮನ್ ವಿಮಾನಗಳಲ್ಲಿ ಬಾಲವನ್ನು ಹೊರುವ ಕೆಳಗಿನ ಕೋಲುಗಳು ರೆಕ್ಕೆಯ ಮಟ್ಟದಿಂದ ಹೊರಡುತ್ತವೆ; ನೆಲಕ್ಕೂ ಅವಕ್ಕೂ ನಡುವೆ ಬೆಳಕು ಕಾಣುತ್ತದೆ. ಈ ಚಿತ್ರದಲ್ಲಾದರೋ ಆ ಕೋಲುಗಳು ರೆಕ್ಕೆಗಿಂತ ಕೆಳಗೆ, ಗಾಲಿಗಳ ಬಳಿಯಿಂದಲೇ ಹೊರಟು ಮರಳನ್ನು ಮುಟ್ಟಿಕೊಂಡು ಹಿಂದಕ್ಕೆ ಸಾಗಿವೆ. ಎತ್ತು ಬಿಚ್ಚಿದ ಚಕ್ಕಡಿಯ ಮೂಕಿ ನೆಲಕ್ಕೆ ತಾಗಿದಂತೆ. ಈ ಲಕ್ಷಣ ಕೋಡ್ರಾನ್ ಸೋದರರು ಕಟ್ಟಿದ ‘ಜಿ 3’ ಮಾದರಿಯದು. ಅದರಲ್ಲಿ ಜಾರುಪಟ್ಟಿಯೂ ಬಾಲದ ಕೋಲೂ ಒಂದೇ. ಫಾರ್ಮನರ ಯಂತ್ರ ತೊಟ್ಟಿಲಿನ ಹಿಂದಿದ್ದು ವಿಮಾನವನ್ನು ನೂಕುತ್ತದೆ. ಕೋಡ್ರಾನಿನದು ಮೂತಿಯಲ್ಲಿದ್ದು ಎಳೆಯುತ್ತದೆ. ಮಾರಿಸನ ಮೋಟುಕೊಂಬಿನದರ ರೆಕ್ಕೆ 16 ಮೀಟರಿಗೂ ಮಿಕ್ಕು ಅಗಲ. ಕೋಡ್ರಾನಿನದು 13 ಮೀಟರಿಗೆ ಸ್ವಲ್ಪ ಹೆಚ್ಚು.

ದಾಂಡೇಲಿ, ಜೋಯಿಡಾ ಕಡೆಯವರು ಮರ ಬಲ್ಲವರು. ಈ ಕೋಲುಗಳು ಯಾವ ಮರದವೆಂದು ಕೇಳಿಯಾರು. ಸಾಗವಾನಿಯಲ್ಲ, ಅದರ ಬಲ ದೊಡ್ಡದಾದರೂ ಭಾರವೂ ದೊಡ್ಡದು. ಶೀತದೇಶಗಳ ಆ್ಯಶ್ ಮತ್ತು ಸ್ಪ್ರೂಸ್ ಮರಗಳಿಂದ ಅವನ್ನು ಮಾಡುತ್ತಿದ್ದರು. ಅಂಥ ಮರವನ್ನು ಬಸ್ರಾದ ಬಿಸಿಲಿಗೊಡ್ಡಿದರೆ ಏನಾಗುವುದೆಂಬುದನ್ನು ನಮ್ಮ ಕಡೆಯ ಯಾವ ಬಡಗಿಯಾದರೂ ಹೇಳಿಯಾನು.

ಈಗ ತೇದಿಗೆ ಬರೋಣ. ಭಾರತದ ದಂಡು ಬಸ್ರಾವನ್ನು ಹಿಡಿದದ್ದು 1914ನೆಯ ನವೆಂಬರಿನಲ್ಲಿ. 110ನೆಯ ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಆಗಲೇ ಅಲ್ಲಿದ್ದುವು. ಆದರೆ ವಿಮಾನಗಳಿರಲಿಲ್ಲ. ಭಾರತ ಸರ್ಕಾರವು ಆಸ್ಟ್ರೇಲಿಯದಿಂದ ವೈಮಾನಿಕರನ್ನು ಬೇಡಿ ತರಿಸಿಕೊಂಡಿತು. ಅವರೂ ಭಾರತದ ಸೈನ್ಯದ ಕೆಲವರು ಅಧಿಕಾರಿಗಳೂ ಸೇರಿ ಬಸ್ರಾದಲ್ಲಿ ವಿಮಾನದಳ ಏರ್ಪಟ್ಟಿದ್ದು 1915ನೆಯ ಮೇ ತಿಂಗಳ ಕಡೆಯಲ್ಲಿ. ಇದ್ದ ವಿಮಾನಗಳು ಮೂರೇ: ಎರಡು ಮೋಟುಕೊಂಬಿನವು, ಒಂದು ಉದ್ದಕೊಂಬಿನದು. ಅವುಗಳ ವೇಗ ಗಂಟೆಗೆ 50 ಮೈಲಿಯ ಆಸುಪಾಸು; ‘ಶಮಾಲ್’ ಎಂಬ ಬಡಗಣ ಗಾಳಿ ಎದ್ದರೆ ಅದಕ್ಕಿಂತ ಬಿರುಸು. ಮುಂದಕ್ಕೆ ಹಾರಹೋದ ವಿಮಾನ ಗಾಳಿಗೆ ಹಿಂದಕ್ಕೆ ಸರಿಯುವುದೂ ಉಂಟಾಗಿತ್ತು. ಎರಡು ಕೋಡ್ರಾನುಗಳು ಜುಲೈ 4ರಂದು ಬಂದುವು. ಅವುಗಳಲ್ಲೊಂದು ಅದೇ ತಿಂಗಳು 30ರಂದು ಮರಳುಗಾಡಿನಲ್ಲಿ ಯಂತ್ರ ಕೆಟ್ಟು ಇಳಿಯಿತು; ಅದರಲ್ಲಿದ್ದ ಮೆರ್ಜ್ ಎಂಬ ವೈದ್ಯನೂ ಬರ್ನ್ ಎಂಬ ನ್ಯೂಜಿಲೆಂಡಿನವನೂ ಅರಬರೊಡನೆ ಹೋರಾಡಿ ಹತರಾದರು. ಇನ್ನೊಂದು ಸೆಪ್ಟೆಂಬರಿನಲ್ಲಿ ಕೂಟ್ ಪಟ್ಟಣದ ಸಮೀಪ ಶತ್ರುಗಳ ನಡುವೆ ಇಳಿದು, ಟ್ರೆಲೋರ್ ಮತ್ತು ಅಟ್ಕಿನ್ಸ್ ಎಂಬಿಬ್ಬರು ಸೆರೆಯಾದರು.

ಹೀಗಾಗಿ ‘ಬಸ್ರಾ, 1914’ ಎಂಬ ಬರಹ ಸಲ್ಲದು. ಅದು ಹಡಗು ಹತ್ತಿದ ವರ್ಷವಿರಬಹುದು. ಚಿತ್ರ 1915ನೆಯ ಜುಲೈ 4ಕ್ಕಿಂತ ಹಿಂದಿನದಾಗಲಾರದು. ಅಲ್ಲಿಗೆ ಶೈಬಾ ಯುದ್ಧ ಮುಗಿದು ಎರಡೂವರೆ ತಿಂಗಳು ಕಳೆದಿತ್ತು. ಎಡದಿಂದ ಮೂರನೆಯವನು ನಿಜವಾಗಿ ಆ ಮನೆಯ ಮುತ್ತಜ್ಜನೇ ಆಗಿದ್ದರೆ ಅವನು ಶೈಬಾದಲ್ಲಿ ಮಡಿಯಲಿಲ್ಲ. ಅಲ್ಲಿ ಮಡಿದುದು ನಿಜವಾದರೆ ಚಿತ್ರದಲ್ಲಿರುವವನು ಬೇರೊಬ್ಬ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಹಾಗಿಲ್ಲ. ನನಗಂತೂ ಮೊದಲನೆಯದೇ ಸರಿಯೆನಿಸುತ್ತದೆ: ಹೆಂಡತಿ ಗಂಡನ ಮುಖವನ್ನು ತಪ್ಪಿ ಗುರುತಿಸುವುದಕ್ಕಿಂತ, ದೂರದ ಯುದ್ಧಗಳಲ್ಲಿ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಳ್ಳುವುದು ಸುಲಭ.

ಶೈಬಾದಲ್ಲಲ್ಲವಾದರೆ ಎಲ್ಲಿ? 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ನವೆಂಬರಿನಲ್ಲಿ ಟೆಸಿಫೋನಿನ ಯುದ್ಧಕ್ಕೆ ಹೋದುವು. ಅಲ್ಲಿಂದ ಹಿಮ್ಮೆಟ್ಟಿ ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದುವು. 1915ನೆಯ ಡಿಸೆಂಬರ್ 7ರಿಂದ 1916ನೆಯ ಏಪ್ರಿಲ್ 29ರ ವರೆಗೆ ಹಸಿವಿನಿಂದ ಬಳಲಿ ಸುಮಾರು 13,000 ಮಂದಿ ಶರಣಾದರು. ಕಡೆಯ ಎರಡು ವಾರ ವಿಮಾನಗಳಿಂದ ಹಿಟ್ಟಿನ ಚೀಲಗಳನ್ನು ಒಳಕ್ಕೆ ಎಸೆಯುತ್ತಿದ್ದರು. ಅಷ್ಟರಿಂದ ಅಷ್ಟು ಜನರ ಹೊಟ್ಟೆ ತುಂಬಲಿಲ್ಲ. ಸೆರೆಯಾದ ಸಿಪಾಯಿಗಳಲ್ಲಿ ಅನೇಕರು ಮರುಭೂಮಿಯ ನಡಿಗೆಯಲ್ಲಿಯೇ ತೀರಿಕೊಂಡರು. ಬಸ್ರಾದಲ್ಲಿ 1929ರಲ್ಲಿ ಎದ್ದ ಸ್ಮಾರಕದ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ; ಭಾರತದ ಸಾಮಾನ್ಯ ಸಿಪಾಯಿಗಳಿಗಾದರೋ ಪಲ್ಟನ್ನಿನ ಹೆಸರು ಮತ್ತು ಸತ್ತವರ ಸಂಖ್ಯೆ ಮಾತ್ರ. ಆ ಕಲ್ಲಿನ ಮೇಲೆ ಕಾಣದ ಹೆಸರಿಗೆ ಹಳಿಯಾಳದ ಗೋಡೆಯ ಈ ಕಾಗದವೊಂದೇ ಸಾಕ್ಷಿ.

ಇದನ್ನೆಲ್ಲ ಮನೆಯವರ ಮುಂದೆ ಹೇಳಿದಾಗ ಅಲ್ಲಿಯ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಮಾಸ್ತರರೇ, ಇಷ್ಟು ವರ್ಷ ಅವರಿಗೆ ಇಟ್ಟ ಎಡೆ ತಪ್ಪಿದ ದಿನಕ್ಕೆ ಹೋಯಿತೇ?” ಎಂದು ಕೇಳಿದರು. ವಿಮಾನದ ಬಾಲದಿಂದ ಅಷ್ಟನ್ನು ಹೇಳಲಾಗುವುದಿಲ್ಲವೆಂದೆನು. ಅವರು ಮೊಮ್ಮಗನನ್ನು ಕರೆದು ಚಿತ್ರವನ್ನು ಕೆಳಗಿಳಿಸಲು ಹೇಳಿದರು. ಹಳೆಯ ಶಾಯಿಯ ಬರಹವನ್ನು ಅಳಿಸಗೊಡಲಿಲ್ಲ. ಅದರ ಕೆಳಗೆ ಪೆನ್ಸಿಲಿನಿಂದ ‘1915 ಜುಲೈ ಬಂದಾಗ ಇದ್ದರು’ ಎಂದು ಬರೆಯಿಸಿ, ಚಿತ್ರವನ್ನು ಮತ್ತೆ ಅದೇ ಮೊಳೆಗೆ ತೂಗಹಾಕಿಸಿದರು.