ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಬ್ರಿಟಿಷ್ ವಲಸಿಗರು: ದೈನಂದಿನ ಬದುಕು ಮತ್ತು ಪೌರತ್ವದ ಆಸರೆ

ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ನೆಲೆಸಿರುವ ಬ್ರಿಟಿಷರನ್ನು ಕುರಿತ ಸಂಶೋಧನೆಯಲ್ಲಿ ಅವರು ತಾಯ್ನಾಡನ್ನು ಬಿಟ್ಟು ಬಂದ ಕಾರಣಗಳಿಗೆ ಮೊದಲಿನಿಂದಲೂ ಹೆಚ್ಚಿನ ಗಮನ ದೊರೆತಿದೆ. ಹೆನ್ರಿ ಬುಲ್ಲರ್ ಮತ್ತು ಕೀತ್ ಹಾಗರ್ಟ್ 1994ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ನಗರ ತೊರೆದು ಹಳ್ಳಿಗೆ ಹೋಗುವ ಪ್ರವೃತ್ತಿಯು ದೇಶದ ಗಡಿ ದಾಟಿದ ರೂಪವೆಂದು ಗುರುತಿಸಿತು. ನೈಋತ್ಯ ಫ್ರಾನ್ಸ್‌ನ ಲೊತ್ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಿಖೇಲಾ ಬೆನ್ಸನ್ 2011ರ ತಮ್ಮ ಗ್ರಂಥದಲ್ಲಿ ಇದನ್ನು ಜೀವನಶೈಲಿ ವಲಸೆ ಎಂಬ ಪರಿಕಲ್ಪನೆಯ ಮೂಲಕ, ಅಂದರೆ ತಕ್ಕಮಟ್ಟಿಗೆ ಅನುಕೂಲಸ್ಥರಾದವರು ಹೊಟ್ಟೆಪಾಡಿಗಿಂತ ಹೆಚ್ಚಾಗಿ ತಮಗೊಪ್ಪುವ ಬದುಕನ್ನು ಅರಸಿ ಕೈಗೊಳ್ಳುವ ಸ್ಥಳಾಂತರವೆಂದು, ವಿಶ್ಲೇಷಿಸಿದರು. ಹಳ್ಳಿಗೆ ಬಂದು ನೆಲೆಸಿದ ಮೇಲೂ ಆ ಅರಸುವಿಕೆ ಮುಗಿಯುವುದಿಲ್ಲವೆಂಬುದು ಬೆನ್ಸನ್ ಅವರ ಮುಖ್ಯ ಒಳನೋಟ. ಬಂದವರು ಹಳ್ಳಿಯಲ್ಲಿ ಯಾವ ಕಚೇರಿಗಳೊಡನೆ, ಯಾವ ನೆರೆಹೊರೆಯವರೊಡನೆ, ಯಾವ ಕೆಲಸಗಳ ಮೂಲಕ ದಿನ ಕಳೆಯುತ್ತಾರೆಂಬುದು ಪ್ರಸ್ತುತ ಲೇಖನದ ವಿಷಯ. ಊರಿನವರಾದೆವೆಂಬ ಭಾವ ಅವರಲ್ಲಿ ಬೆಳೆದದ್ದು ಇಂಥ ಅತಿ ಸಾಮಾನ್ಯ ವ್ಯವಹಾರಗಳಲ್ಲಿ, ಮತ್ತು ಆ ವ್ಯವಹಾರಗಳನ್ನೆಲ್ಲ ಸಲೀಸಾಗಿಸಿದ್ದು ಐರೋಪ್ಯ ಒಕ್ಕೂಟದ ಪೌರತ್ವವೆಂಬ, ನಿತ್ಯದ ಬಳಕೆಯಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಕಾನೂನಿನ ಆಸರೆ ಎಂಬುದು ಇಲ್ಲಿಯ ವಾದ.

ಫ್ರಾನ್ಸ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರಜೆಗಳಿದ್ದಾರೆಂದು ಆ ದೇಶದ ಅಂಕಿಅಂಶ ಸಂಸ್ಥೆಯಾದ ಇನ್ಸೇ 2010ರ ದಶಕದಲ್ಲಿ ಲೆಕ್ಕ ಹಾಕಿತ್ತು. ಅವರಲ್ಲಿ ಸುಮಾರು ಕಾಲು ಭಾಗ ದೋರ್ದೋನ್, ಶರಾಂತ್ ಮುಂತಾದ ಜಿಲ್ಲೆಗಳನ್ನೊಳಗೊಂಡ ನೈಋತ್ಯದ ನೂವೆಲ್-ಅಕ್ವಿತೇನ್ ಪ್ರದೇಶದಲ್ಲಿತ್ತು. ಮಧ್ಯಯುಗದಲ್ಲಿ ಇದೇ ನಾಡು ಸುಮಾರು ಮೂರು ಶತಮಾನಗಳ ಕಾಲ, 1453ರ ಕಾಸ್ತಿಯೋಂ ಕದನದವರೆಗೆ, ಇಂಗ್ಲೆಂಡಿನ ಅರಸರ ಹಿಡಿತದಲ್ಲಿದ್ದುದನ್ನು ಪ್ರವಾಸಿ ಕೈಪಿಡಿಗಳು ತಪ್ಪದೆ ನೆನಪಿಸುತ್ತವೆ. ಆದರೆ ಇಂದಿನ ವಲಸೆಗೆ ಆ ಇತಿಹಾಸಕ್ಕಿಂತ ಹತ್ತಿರದ ಕಾರಣಗಳಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿಬಳ್ಳಿಯ ಬೇರನ್ನು ತಿಂದು ತೋಟಗಳನ್ನು ನಾಶಮಾಡಿತು, ಮೊದಲ ಮಹಾಯುದ್ಧ ಹಳ್ಳಿಯ ಗಂಡಸರನ್ನು ನುಂಗಿತು, ಎರಡನೆಯ ಮಹಾಯುದ್ಧದ ನಂತರದ ಕೈಗಾರಿಕಾ ಬೆಳವಣಿಗೆ ಉಳಿದವರನ್ನು ನಗರಗಳಿಗೆ ಸೆಳೆಯಿತು. 1851ರಲ್ಲಿ ಸುಮಾರು 2,87,000 ಜನರಿದ್ದ ಕ್ರೂಝ್ ಜಿಲ್ಲೆಯಲ್ಲಿ ಈಗಿರುವವರು ಸುಮಾರು 1,16,000 ಮಾತ್ರ. ಸಮಾಜಶಾಸ್ತ್ರಜ್ಞ ಹೆನ್ರಿ ಮಾಂದ್ರಾಸ್ 1967ರಲ್ಲಿ ರೈತವರ್ಗದ ಅಂತ್ಯವೆಂದು ವಿವರಿಸಿದ ಈ ಪ್ರಕ್ರಿಯೆ ಬಿಟ್ಟುಹೋದ ಕಲ್ಲಿನ ಮನೆಗಳೇ ಬ್ರಿಟಿಷರ ಕೈಸೇರಿದವು. ವಲಸಿಗರು ಮೆಚ್ಚಿಕೊಂಡ ಪ್ರಶಾಂತಿಯ ಬಹುಪಾಲು ಊರು ಬಿಟ್ಟವರ ಗೈರುಹಾಜರಿಯಿಂದ ಹುಟ್ಟಿದ್ದೆಂಬುದನ್ನು ಈ ವಿಷಯದ ಚರ್ಚೆಗಳಲ್ಲಿ ಸಾಕಷ್ಟು ಒತ್ತಿ ಹೇಳಿಲ್ಲ.

ಕೊಳ್ಳುವವರ ಕಡೆಯಿಂದಲೂ ದಾರಿ ತೆರೆಯಬೇಕಿತ್ತು. ಬ್ರಿಟನ್ ಸರ್ಕಾರ 1979ರಲ್ಲಿ ವಿದೇಶಿ ವಿನಿಮಯದ ಮೇಲಿನ ನಿಯಂತ್ರಣಗಳನ್ನು ತೆಗೆದುಹಾಕಿದ ಮೇಲೆ ಹಣವನ್ನು ಹೊರದೇಶಕ್ಕೆ ಒಯ್ಯುವುದು ಸುಲಭವಾಯಿತು. 1980ರ ದಶಕದ ಕೊನೆಯಲ್ಲಿ ಆಗ್ನೇಯ ಇಂಗ್ಲೆಂಡಿನಲ್ಲಿ ಮನೆಗಳ ಬೆಲೆ ಏರಿದ್ದರಿಂದ ಅಲ್ಲಿಯ ಸಾಧಾರಣ ಮನೆಯೊಂದನ್ನು ಮಾರಿದವರಿಗೂ ಫ್ರಾನ್ಸ್‌ನಲ್ಲಿ ಹೊಲ, ಕೊಟ್ಟಿಗೆಗಳ ಸಮೇತ ಮನೆ ಕೊಳ್ಳುವ ಶಕ್ತಿ ಬಂತು. 1994ರಲ್ಲಿ ಕಡಲಡಿಯ ಸುರಂಗಮಾರ್ಗ, ಮುಂದೆ ಲಿಮೋಝ್ ಮತ್ತು ಬೆರ್ಜರಾಕ್‌ಗೆ ಅಗ್ಗದ ವಿಮಾನ ಸಂಚಾರ ಬಂದು ದೂರ ಕುಗ್ಗಿತು. ಕೊಂಡ ದಿನದಿಂದಲೇ ಅವರು ಅಪರಿಚಿತ ಕಾನೂನಿನ ಒಳಗೆ ಕಾಲಿಟ್ಟರು. ಆಸ್ತಿ ವರ್ಗಾವಣೆಯನ್ನು ನಡೆಸುವ ಸರ್ಕಾರಿ ಅಧಿಕಾರವುಳ್ಳ ನ್ಯಾಯವಿದನನ್ನು ನೊತೇರ್ ಎನ್ನುತ್ತಾರೆ. ಪತ್ರವನ್ನು ಪೂರ್ತಿ ಓದಿ ಹೇಳಿ ರುಜು ಹಾಕಿಸುವ ಈತನ ಮೇಜಿನ ಮುಂದೆಯೇ, ತಮ್ಮ ಆಸ್ತಿಯನ್ನು ಇಷ್ಟಬಂದವರಿಗೆ ಬರೆದುಕೊಡಲಾಗದೆಂಬ ಸಂಗತಿ ಅನೇಕ ಬ್ರಿಟಿಷರಿಗೆ ಮೊದಲ ಬಾರಿ ತಿಳಿಯುತ್ತಿತ್ತು. 1804ರ ಸಿವಿಲ್ ಸಂಹಿತೆಯ ಪರಂಪರೆಯಂತೆ ಮಕ್ಕಳಿಗೆ ಕಡ್ಡಾಯ ಪಾಲು ಮೀಸಲು: ಒಂದೇ ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೆಯ ಎರಡು ಭಾಗ, ಮೂವರು ಅಥವಾ ಹೆಚ್ಚಿದ್ದರೆ ಮುಕ್ಕಾಲು ಭಾಗ. ಎರಡನೆಯ ಮದುವೆಯಾಗಿ, ಮೊದಲ ಮದುವೆಯ ಮಕ್ಕಳೊಡನೆ ಬಂದ ನಿವೃತ್ತ ದಂಪತಿಗಳಿಗೆ ಇದು ದೊಡ್ಡ ಚಿಂತೆ. ತಾಯ್ನಾಡಿನ ಕಾನೂನನ್ನು ಆಯ್ದುಕೊಳ್ಳುವ ಅವಕಾಶ 2015ರ ಆಗಸ್ಟ್‌ನಿಂದ ಒಕ್ಕೂಟದ ನಿಯಮದ ಮೂಲಕ ದೊರೆಯಿತಾದರೂ, 2021ರಲ್ಲಿ ಫ್ರಾನ್ಸ್ ತಂದ ಕಾನೂನು ಫ್ರೆಂಚ್ ನೆಲದಲ್ಲಿರುವ ಆಸ್ತಿಯಿಂದ ಮಕ್ಕಳ ಪಾಲನ್ನು ತುಂಬಿಕೊಡುವ ವ್ಯವಸ್ಥೆ ಮಾಡಿ ಆ ಅವಕಾಶವನ್ನು ಬಹಳಷ್ಟು ಮಟ್ಟಿಗೆ ಕಿರಿದಾಗಿಸಿತು.

ಊರೊಳಗಿನ ಬದುಕಿನ ಕೇಂದ್ರ ಕಮ್ಯೂನ್. ಇದು ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ. ಫ್ರಾನ್ಸ್‌ನಲ್ಲಿ ಇಂಥವು ಸುಮಾರು 35,000 ಇದ್ದು, ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ 500ನ್ನು ಮೀರುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಯು ಹಲವು ಹಳ್ಳಿಗಳನ್ನು ಒಟ್ಟುಗೂಡಿಸಿಕೊಂಡು ಸಾವಿರಾರು ಜನರನ್ನು ಪ್ರತಿನಿಧಿಸುವುದನ್ನು ನೆನೆದರೆ, ಇನ್ನೂರು ಮುನ್ನೂರು ಜನರಿಗೊಬ್ಬ ಮೇಯರ್, ಒಂದು ಚುನಾಯಿತ ಮಂಡಳಿ, ವಾರದಲ್ಲಿ ಒಂದೆರಡು ಅರ್ಧದಿನವಾದರೂ ಬಾಗಿಲು ತೆರೆಯುವ ಒಂದು ಕಚೇರಿ ಇರುವ ಈ ವ್ಯವಸ್ಥೆಯ ಆಪ್ತತೆ ಅರ್ಥವಾಗುತ್ತದೆ. ಮೇರಿ ಎಂದು ಕರೆಯುವ ಈ ಕಚೇರಿಗೆ ಹೋಗಿ ಮೇಯರ್ ಮತ್ತು ಕಾರ್ಯದರ್ಶಿಗೆ ತಮ್ಮ ಪರಿಚಯ ಹೇಳಿಕೊಳ್ಳುವುದು ಹೊಸಬರಿಗೆ ಎಲ್ಲರೂ ಕೊಡುವ ಮೊದಲ ಸಲಹೆ. ಕಿಟಕಿಯೊಂದನ್ನು ಹೊಸದಾಗಿ ತೆರೆಯಲು, ಕೊಟ್ಟಿಗೆಯನ್ನು ವಾಸದ ಕೋಣೆಯಾಗಿಸಲು, ಈಜುಕೊಳ ತೋಡಲು ಇಲ್ಲಿಯೇ ಅರ್ಜಿ ಸಲ್ಲಿಸಬೇಕು. ಜನವರಿಯಲ್ಲಿ ಮೇಯರ್ ಊರವರಿಗೆ ಶುಭಾಶಯ ಹೇಳುವ ಕೂಟ, ಉತ್ಸವ ಸಮಿತಿಯವರ ಊಟ, ಬೇಟೆಗಾರರ ಸಂಘದ ಭೋಜನ, ಹಳೆಯ ಸಾಮಾನುಗಳ ಸಂತೆ ಇವೆಲ್ಲದರ ಸುದ್ದಿ ಇಲ್ಲಿಯ ಫಲಕದಿಂದಲೇ ತಿಳಿಯುತ್ತದೆ. ಯಾರನ್ನು ಕಂಡರೂ ಮೊದಲು ‘ಬೊಂಝೂರ್’ ಎಂದು ವಂದಿಸಿ ಆಮೇಲೆ ಮಾತು ತೆಗೆಯಬೇಕೆಂಬ ಕಟ್ಟುಪಾಡನ್ನು ಕಲಿಯದವರು ಭಾಷೆ ಎಷ್ಟೇ ಚೆನ್ನಾಗಿ ಬಲ್ಲವರಾದರೂ ಒರಟರೆನಿಸಿಕೊಳ್ಳುತ್ತಾರೆ.

ಆಡಳಿತ ಮತ್ತು ನೆರೆಹೊರೆ ಎಷ್ಟು ಗಾಢವಾಗಿ ಹೆಣೆದುಕೊಂಡಿವೆ ಎಂಬುದನ್ನು ತಿಳಿಯಲು ಶೌಚಗುಂಡಿಯಂಥ ಉದಾಹರಣೆ ಇನ್ನೊಂದಿಲ್ಲ. ಒಳಚರಂಡಿ ಜಾಲ ತಲುಪದ ಹಳ್ಳಿಮನೆಗಳು ತಮ್ಮ ತ್ಯಾಜ್ಯನೀರನ್ನು ತಾವೇ ಸಂಸ್ಕರಿಸಬೇಕು. 1992ರ ಜಲ ಕಾಯಿದೆ ಇದರ ತಪಾಸಣೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು, ಮತ್ತು ಸ್ಪಾಂಕ್ ಎಂಬ ಹ್ರಸ್ವನಾಮದ ಸಾರ್ವಜನಿಕ ಸೇವೆಯೊಂದು ಇದಕ್ಕಾಗಿ ರೂಪುಗೊಂಡಿತು. 2011ರಿಂದ ಮನೆ ಮಾರಾಟದ ಪತ್ರಗಳ ಜೊತೆಗೆ ಈ ಸೇವೆಯ ವರದಿ ಇರಲೇಬೇಕು. ವ್ಯವಸ್ಥೆ ನಿಯಮಕ್ಕೆ ಹೊಂದದಿದ್ದರೆ ಕೊಂಡವರು ಒಂದು ವರ್ಷದೊಳಗೆ ಅದನ್ನು ಸರಿಪಡಿಸಬೇಕು. ಹಳೆಯ ಮನೆಗಳಲ್ಲಿ ಗುಂಡಿಯ ನೀರು ನೇರ ರಸ್ತೆಬದಿಯ ಕಾಲುವೆಗೋ ಪಕ್ಕದ ಹುಲ್ಲುಗಾವಲಿಗೋ ಹರಿಯುತ್ತಿರುವುದು ಸಾಮಾನ್ಯ. ಆಗ ಮಣ್ಣಿನ ಪರೀಕ್ಷೆಯಾಗಬೇಕು, ಜೇಡಿಮಣ್ಣು ನೀರನ್ನು ಹೀರದಿದ್ದರೆ ಮರಳಿನ ಸೋಸುಹಾಸನ್ನು ಹಾಕಬೇಕು, ನಕ್ಷೆಗೆ ಒಪ್ಪಿಗೆ ಪಡೆಯಬೇಕು, ಅಗೆತದ ಯಂತ್ರದವನನ್ನು ಗೊತ್ತುಮಾಡಬೇಕು, ಕೊಳವೆಗಳ ಮೇಲೆ ಮಣ್ಣು ಮುಚ್ಚುವ ಮೊದಲು ಅಧಿಕಾರಿ ಮತ್ತೆ ಬಂದು ನೋಡಬೇಕು. ಸಾವಿರಾರು ಯೂರೋಗಳ ಈ ಕೆಲಸದಲ್ಲಿ, ತನ್ನ ಹುಲ್ಲುಗಾವಲಿನ ಅಂಚಿನಲ್ಲಿ ನೀರು ಬಿಡಲು ಒಪ್ಪುವ ಅಥವಾ ಒಪ್ಪದ ರೈತನ ಮಾತೇ ನಿರ್ಣಾಯಕವಾಗುವುದುಂಟು. ಹೊಸಬರ ಫ್ರೆಂಚ್ ಪದಸಂಪತ್ತಿನಲ್ಲಿ ಸಾಹಿತ್ಯದ ಪದಗಳಿಗಿಂತ ಮೊದಲು ಗುಂಡಿ, ಕೊಳವೆ, ಇಳಿಜಾರಿನ ಪದಗಳು ಸೇರುವುದು ಈ ಕಾರಣದಿಂದ. ಮತ್ತು ಸಹಜೀವನದ ನಿಜವಾದ ಪಾಠ ಇಂಥ ಮಾತುಕತೆಗಳಲ್ಲೇ ನಡೆಯುತ್ತದೆಂದು ಹೇಳುವುದು ಅತಿಶಯೋಕ್ತಿಯಾಗದು.

ಸೌದೆಯ ವ್ಯವಹಾರವೂ ಹೀಗೆಯೇ. ದಪ್ಪ ಕಲ್ಲುಗೋಡೆಯ ಮನೆಗಳು ಚಳಿಗಾಲದಲ್ಲಿ ತೀರಾ ತಣ್ಣಗಿರುವುದರಿಂದ ಓಕ್ ಮರದ ಒಣ ಸೌದೆಯೇ ಮುಖ್ಯ ಇಂಧನ. ಅದನ್ನು ಸ್ತೇರ್ ಎಂಬ ಅಳತೆಯಲ್ಲಿ ಮಾರುತ್ತಾರೆ: ಒಂದು ಮೀಟರ್ ಉದ್ದದ ತುಂಡುಗಳನ್ನು ಒಂದು ಘನ ಮೀಟರಿನಷ್ಟು ಒಟ್ಟಿದರೆ ಒಂದು ಸ್ತೇರ್. ಅದೇ ಸೌದೆಯನ್ನು ಒಲೆಗೆ ಹಿಡಿಸುವಂತೆ 33 ಸೆಂಟಿಮೀಟರಿಗೆ ಕತ್ತರಿಸಿದರೆ ನಡುವಿನ ಸಂದುಗಳು ತುಂಬಿ ಸುಮಾರು 0.7 ಘನ ಮೀಟರಿಗೆ ಇಳಿಯುತ್ತದೆ. ಈ ಲೆಕ್ಕ ತಿಳಿಯದ ಹೊಸಬರಿಗೆ ಮೋಸಹೋದಂತೆ ಅನಿಸುವುದು ಸಹಜ. ಶರತ್ಕಾಲದಲ್ಲಿ ಶುರುವಾಗುವ ಬೇಟೆಯ ಋತು ಇನ್ನೂ ಗಂಭೀರವಾದ ಘರ್ಷಣೆಗೆ ಎಡೆಮಾಡಿದೆ. 2020ರ ಡಿಸೆಂಬರ್‌ನಲ್ಲಿ ಲೊತ್ ಜಿಲ್ಲೆಯ ಕಾಲ್ವಿನ್ಯಾಕ್‌ನಲ್ಲಿ ಮನೆಯ ಬಳಿ ಸೌದೆ ಕಡಿಯುತ್ತಿದ್ದ 25 ವರ್ಷದ ಫ್ರೆಂಚ್-ಬ್ರಿಟಿಷ್ ಯುವಕನೊಬ್ಬನನ್ನು ಬೇಟೆಗಾರನೊಬ್ಬ ಕಾಡುಹಂದಿಯೆಂದು ತಪ್ಪಾಗಿ ತಿಳಿದು ಗುಂಡು ಹೊಡೆದು ಕೊಂದ. ಈ ಸಾವು ಬೇಟೆಯ ಸುರಕ್ಷತೆಯ ಬಗ್ಗೆ ರಾಷ್ಟ್ರವ್ಯಾಪಿ ಚರ್ಚೆಯನ್ನೆಬ್ಬಿಸಿತು. ಇದನ್ನು ಹೊರಗಿನವರ ಮತ್ತು ಊರವರ ನಡುವಿನ ಜಗಳವೆಂದು ಓದುವುದು ತಪ್ಪಾಗುತ್ತದೆ, ಏಕೆಂದರೆ ಬದಲಾವಣೆ ಕೋರಿ ಮುಂದೆ ಬಂದವರಲ್ಲಿ ಆತನ ಫ್ರೆಂಚ್ ಸ್ನೇಹಿತರೂ ಇದ್ದರು.

ನಿವೃತ್ತರಿಗೆ ವೈದ್ಯಸೇವೆಯೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬ್ರಿಟನ್‌ನ ಪಿಂಚಣಿ ಪಡೆಯುವವರು ಎಸ್1 ಎಂಬ ನಮೂನೆಯ ಮೂಲಕ ಫ್ರೆಂಚ್ ಆರೋಗ್ಯ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡರೆ ಅವರ ಚಿಕಿತ್ಸೆಯ ವೆಚ್ಚವನ್ನು ಬ್ರಿಟನ್ ಭರಿಸುತ್ತದೆ. ಅವರ ಕೈಗೆ ಬರುವ ಹಸಿರು ಬಣ್ಣದ ವಿತಾಲ್ ಕಾರ್ಡು ಅನೇಕರ ಪಾಲಿಗೆ ನೆಲೆ ನಿಂತುದರ ಮೊದಲ ಪುರಾವೆ. ಆದರೆ ಕಾರ್ಡು ಇದ್ದರೂ ಹಳ್ಳಿಗಳಲ್ಲಿ ವೈದ್ಯರು ನಿವೃತ್ತರಾಗಿ ಅವರ ಜಾಗಕ್ಕೆ ಬೇರೆಯವರು ಬರದಿರುವುದರಿಂದ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ವೈದ್ಯರನ್ನು ಹುಡುಕುವ ಕಷ್ಟ ಊರವರಿಗೂ ವಲಸಿಗರಿಗೂ ಒಂದೇ ಆಗಿದೆ. ಆದಾಯದ ಅನಿಶ್ಚಿತತೆ ಮಾತ್ರ ವಲಸಿಗರದ್ದೇ. ಪೌಂಡಿನಲ್ಲಿ ಬರುವ ಪಿಂಚಣಿಯನ್ನು ಯೂರೋದಲ್ಲಿ ಖರ್ಚು ಮಾಡಬೇಕಾದವರಿಗೆ, 2007ರಲ್ಲಿ 1.45 ಯೂರೋದ ಆಸುಪಾಸಿನಲ್ಲಿದ್ದ ಪೌಂಡು 2008ರ ಕೊನೆಗೆ ಹೆಚ್ಚುಕಡಿಮೆ ಒಂದು ಯೂರೋಗೆ ಕುಸಿದದ್ದು ಸಂಸಾರದ ಲೆಕ್ಕವನ್ನೇ ಬುಡಮೇಲು ಮಾಡಿತು. ಬ್ರಿಟನ್ ಸರ್ಕಾರ 2015ರಲ್ಲಿ ಚಳಿಗಾಲದ ಇಂಧನ ಭತ್ಯೆಯನ್ನು ಫ್ರಾನ್ಸ್‌ನಲ್ಲಿರುವವರಿಗೆ ನಿಲ್ಲಿಸಿದ್ದೂ ನೋವಿನ ಸಂಗತಿಯೇ: ದೇಶದ ಸರಾಸರಿ ಉಷ್ಣಾಂಶವನ್ನು ಕಟ್ಟುವಾಗ ಕೆರಿಬಿಯನ್ ಹಾಗೂ ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳನ್ನೂ ಸೇರಿಸಿಕೊಂಡದ್ದರಿಂದ, ಹಿಮ ಬೀಳುವ ಕ್ರೂಝ್‌ನ ವೃದ್ಧರು ಬೆಚ್ಚನೆಯ ದೇಶದ ವಾಸಿಗಳೆಂದು ಎಣಿಕೆಯಾದರು.

ದುಡಿಯುವ ವಯಸ್ಸಿನವರು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಜೀತ್ ಎಂಬ ಹಳ್ಳಿಮನೆಗಳನ್ನು ನಡೆಸುತ್ತಾರೆ, ಇಲ್ಲವೇ ಕಟ್ಟಡ ದುರಸ್ತಿ, ತೋಟದ ಕೆಲಸಗಳನ್ನು ಮಾಡುತ್ತಾರೆ. ಒಬ್ಬನೇ ನಡೆಸುವ ಸಣ್ಣ ಉದ್ಯಮಕ್ಕೆ 2009ರಲ್ಲಿ ಜಾರಿಗೆ ಬಂದ ಸರಳ ನೋಂದಣಿ ಪದ್ಧತಿ ಇವರಲ್ಲಿ ಹಲವರಿಗೆ ನೆರವಾಗಿದೆ. ದೋರ್ದೋನ್‌ನ ಎಯ್ಮೆಯಂಥ ಊರುಗಳಲ್ಲಿ ಬ್ರಿಟಿಷ್ ದಿನಸಿ ಸಿಗುವ ಅಂಗಡಿ, ಕ್ರಿಕೆಟ್ ಕ್ಲಬ್ ಇವೆ; ಕ್ಯಾಥೊಲಿಕ್ ಚರ್ಚುಗಳ ಕಟ್ಟಡದಲ್ಲೇ ಆಂಗ್ಲಿಕನ್ ಪ್ರಾರ್ಥನೆಗಳು ನಡೆಯುವುದೂ ಉಂಟು. ಇದನ್ನು ತಮ್ಮವರೊಳಗೇ ಮುಚ್ಚಿಕೊಳ್ಳುವ ಪ್ರವೃತ್ತಿಯೆಂದು ಟೀಕಿಸುವವರಲ್ಲಿ ಚದುರಿದ ಹಳ್ಳಿಗಳಲ್ಲಿ ನೆಲೆಸಿದ ಬ್ರಿಟಿಷರೇ ಮುಂದು. ಒಳ್ಳೆಯ ವಲಸಿಗ, ಕೆಟ್ಟ ವಲಸಿಗ ಎಂಬ ಈ ವಿಂಗಡಣೆ ನ್ಯಾಯವಾದುದಲ್ಲ: ಎಪ್ಪತ್ತು ದಾಟಿ, ಸಂಗಾತಿಯನ್ನು ಕಳೆದುಕೊಂಡು, ಹೊಸ ಭಾಷೆ ನಾಲಗೆಗೆ ಹತ್ತದಿರುವವರಿಗೆ ವಾರಕ್ಕೊಮ್ಮೆ ತಾಯ್ನುಡಿಯಲ್ಲಿ ಮಾತಾಡುವ ಜಾಗವೊಂದು ಬೇಕೇ ಬೇಕು.

ಈ ಎಲ್ಲ ವ್ಯವಹಾರಗಳ ಅಡಿಯಲ್ಲಿ ಇದ್ದ ಕಾನೂನಿನ ಆಸರೆ ಎಷ್ಟೆಂಬುದು ಬಯಲಾದದ್ದು ಬ್ರಿಟನ್ ಒಕ್ಕೂಟವನ್ನು ತೊರೆದಾಗ. 1992ರ ಮಾಸ್ತ್ರಿಖ್ತ್ ಒಪ್ಪಂದ ಒಕ್ಕೂಟದ ಪ್ರಜೆಗಳಿಗೆ ತಾವು ವಾಸಿಸುವ ಊರಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ, ಸ್ಪರ್ಧಿಸುವ ಹಕ್ಕನ್ನು ಕೊಟ್ಟಿತ್ತು. ಫ್ರಾನ್ಸ್‌ನಲ್ಲಿ ಅದು 2001ರ ಚುನಾವಣೆಯಿಂದ ಬಳಕೆಗೆ ಬಂತು. ಮೇಯರ್ ಮತ್ತು ಉಪಮೇಯರ್ ಪದವಿಗಳು ಮಾತ್ರ ಫ್ರೆಂಚ್ ಪ್ರಜೆಗಳಿಗೆ ಮೀಸಲು. 1995ರಲ್ಲಿ ನಾರ್ಮಂಡಿಯ ಸೇಂ-ಸೆನೆರಿ-ಲ-ಜೆರೇ ಗ್ರಾಮದ ಮೇಯರ್ ಆದ, ಬ್ರಿಟನ್‌ನಲ್ಲಿ ಹುಟ್ಟಿದ ಕೆನ್ ಟ್ಯಾಥಮ್ ಅಷ್ಟರಲ್ಲಿ ಫ್ರೆಂಚ್ ಪೌರತ್ವ ಪಡೆದಿದ್ದರು. ಮಂಡಳಿಯ ಸದಸ್ಯರಾಗಿ ಏಳುನೂರಕ್ಕೂ ಹೆಚ್ಚು ಬ್ರಿಟಿಷರು ಊರಿನ ಲೆಕ್ಕಪತ್ರ, ಶಾಲೆ, ರಸ್ತೆಗಳ ವಿಚಾರದಲ್ಲಿ ಪಾಲ್ಗೊಳ್ಳುತ್ತಿದ್ದರು. 2020ರ ಜನವರಿ 31ರಂದು ಬ್ರಿಟನ್ ಹೊರನಡೆಯಿತು. ಮಾರ್ಚ್‌ನಲ್ಲಿ ನಡೆದ ಸ್ಥಳೀಯ ಚುನಾವಣೆಯಲ್ಲಿ ಅವರು ನಿಲ್ಲುವಂತಿರಲಿಲ್ಲ, ಮತವನ್ನೂ ಹಾಕುವಂತಿರಲಿಲ್ಲ. ಹೀಗೆ ತಮ್ಮ ಸ್ಥಾನ ಹೋಗುವುದೇ ಬೇಡವೇ ಎಂದು ನಿರ್ಧರಿಸಿದ 2016ರ ಜನಮತಗಣನೆಯಲ್ಲೂ ಅವರಲ್ಲಿ ಹಲವರಿಗೆ ಮತವಿರಲಿಲ್ಲ, ಏಕೆಂದರೆ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದವರ ಹೆಸರನ್ನು ಬ್ರಿಟನ್ ಮತದಾರರ ಪಟ್ಟಿಯಿಂದ ತೆಗೆಯುತ್ತಿತ್ತು. ಆ ಮಿತಿ ರದ್ದಾದದ್ದು 2024ರ ಜನವರಿಯಲ್ಲಿ.

ನೈಋತ್ಯದ ಜೆರ್ಸ್ ಜಿಲ್ಲೆಯ ತೂ ಎಂಬ ಸಣ್ಣ ಗ್ರಾಮದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಈ ಇಕ್ಕಟ್ಟು ಪೂರ್ಣರೂಪದಲ್ಲಿ ಕಾಣುತ್ತದೆ. 1984ರಿಂದ ಫ್ರಾನ್ಸ್‌ನಲ್ಲಿ ನೆಲೆಸಿ ಫ್ರೆಂಚ್ ಪ್ರಜೆಯನ್ನು ಮದುವೆಯಾಗಿದ್ದ ಆಕೆ ಅಲ್ಲಿಯ ಪೌರತ್ವ ಪಡೆದಿರಲಿಲ್ಲ. ಬ್ರಿಟನ್‌ನಲ್ಲಿ ಹದಿನೈದು ವರ್ಷದ ನಿಯಮದಿಂದ ಮತ ಕಳೆದುಕೊಂಡಿದ್ದರು. 2020ರಲ್ಲಿ ಗ್ರಾಮದ ಮತದಾರರ ಪಟ್ಟಿಯಿಂದಲೂ ಅವರ ಹೆಸರು ಹೋಯಿತು, ಮತ್ತೆ ಸೇರಿಸಬೇಕೆಂಬ ಅರ್ಜಿ ತಿರಸ್ಕೃತವಾಯಿತು. ಐರೋಪ್ಯ ನ್ಯಾಯಾಲಯ 2022ರ ಜೂನ್ 9ರಂದು ಕೊಟ್ಟ ತೀರ್ಪಿನಂತೆ ಒಕ್ಕೂಟದ ಪೌರತ್ವ ಸದಸ್ಯರಾಷ್ಟ್ರದ ಪೌರತ್ವದೊಡನೆ ಅಂಟಿಕೊಂಡಿರುವಂಥದು. ಆ ರಾಷ್ಟ್ರವೇ ಹೊರಹೋದ ಮೇಲೆ ವ್ಯಕ್ತಿಯ ಬದುಕು ಎಲ್ಲಿ ಬೇರುಬಿಟ್ಟಿದೆ ಎಂಬುದನ್ನು ಪರಿಗಣಿಸಲು ಬರುವುದಿಲ್ಲ. ಕಾನೂನಿನ ತರ್ಕವಾಗಿ ಇದು ಸ್ಪಷ್ಟ. ಆದರೆ ಮೂವತ್ತಾರು ವರ್ಷ ಒಂದೇ ದೇಶದಲ್ಲಿ ಬಾಳಿದವರಿಗೆ ಎರಡೂ ಕಡೆಯಲ್ಲಿ ಒಂದು ಮತವೂ ಉಳಿಯದಂತಾದದ್ದು ನ್ಯಾಯವೆಂದು ಒಪ್ಪುವುದು ಕಷ್ಟ.

2020ರ ಕೊನೆಗೆ ಮೊದಲೇ ನೆಲೆಸಿದ್ದವರ ವಾಸದ ಹಕ್ಕನ್ನು ನಿರ್ಗಮನ ಒಪ್ಪಂದ ಕಾಪಾಡಿತು. ಆದರೂ ಹಿಂದೆ ಯಾವ ಪತ್ರವನ್ನೂ ತೋರಿಸಬೇಕಿರದಿದ್ದವರು ವಿದ್ಯುತ್ ಬಿಲ್ಲು, ತೆರಿಗೆ ಚೀಟಿಗಳನ್ನು ಕೂಡಿಸಿಕೊಂಡು, ಜಿಲ್ಲಾಡಳಿತದ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಾಸದ ಕಾರ್ಡು ಪಡೆಯಬೇಕಾಯಿತು. ಹಳ್ಳಿಯಲ್ಲಿ ಮನೆಯಿದ್ದೂ ಬ್ರಿಟನ್‌ನಲ್ಲೇ ಖಾಯಂ ವಾಸವಾಗಿರುವವರಿಗೆ ಈ ರಕ್ಷಣೆಯೂ ಇಲ್ಲ: 2021ರಿಂದ ಅವರು ವೀಸಾ ಇಲ್ಲದೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅವರಿಗೆ ದೀರ್ಘಾವಧಿಯ ವೀಸಾದಿಂದ ವಿನಾಯಿತಿ ಕೊಡಲು ಫ್ರೆಂಚ್ ಸೆನೆಟ್‌ನಲ್ಲಿ ಮೂಡಿ ವಲಸೆ ಮಸೂದೆಯಲ್ಲಿ ಸೇರಿದ್ದ ಕಲಮನ್ನು, ಮಸೂದೆಯ ವಿಷಯಕ್ಕೆ ಸಂಬಂಧಿಸಿಲ್ಲವೆಂಬ ಕಾರಣಕ್ಕೆ ಸಾಂವಿಧಾನಿಕ ಮಂಡಳಿ 2024ರ ಜನವರಿಯಲ್ಲಿ ತೆಗೆದುಹಾಕಿತು. ವಸಂತದಿಂದ ಶರತ್ಕಾಲದವರೆಗೆ ಒಂದೇ ಸಮನೆ ಇದ್ದು ತೋಟ ಬೆಳೆಸುತ್ತಿದ್ದ ಮನೆಯೊಡೆಯರು ಈಗ ಮೂರು ತಿಂಗಳಿಗೆ ಹಿಂದಿರುಗಬೇಕು, ಇಲ್ಲವೇ ವರ್ಷಕ್ಕೊಮ್ಮೆ ವೀಸಾಕ್ಕೆ ಅರ್ಜಿ ಹಾಕಬೇಕು. ಅವರಿಲ್ಲದ ತಿಂಗಳುಗಳಲ್ಲಿ ಹುಲ್ಲು ಕತ್ತರಿಸಿ, ಕೊಳವೆಗಳ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಕೆಲಸ ಅದೇ ಊರಿನಲ್ಲಿ ವಾಸದ ಕಾರ್ಡು ಪಡೆದು ಉಳಿದಿರುವ ಇತರ ಬ್ರಿಟಿಷರ ಜೀವನೋಪಾಯಗಳಲ್ಲಿ ಒಂದಾಗಿದೆ.